ಫೋನಿನಲ್ಲಿ ಇಲ್ಲದವರನ್ನೂ ಕರೆಯಿರಿ

ಪಾಲಬಾವಿ, ಮುಗಳಖೋಡ, ಹಾರೂಗೇರಿ, ಸುಲ್ತಾನಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿ ಬ್ಯಾಚುಗಳ ವಾಟ್ಸಾಪ್ ಗ್ರೂಪ್ ನಡೆಸುತ್ತಿರುವ ಎಲ್ಲ ಅಡ್ಮಿನ್‌ಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಕೆಲವರಿಗೆ ನಾನೇ ಪಾಠ ಹೇಳಿದ್ದೇನೆ. ಉಳಿದವರಿಗೆ ನನ್ನ ಜೊತೆ ದುಡಿದ ಮಾಸ್ತರರು, ಅಕ್ಕೋರು ಹೇಳಿದ್ದಾರೆ. ಆ ಸಲಿಗೆಯಿಂದ ಈ ಪತ್ರ. ಗುರುವಂದನೆ, ಸ್ನೇಹ ಸಮ್ಮಿಲನ ಎಂದು ನೀವು ಕರೆದಾಗಲೆಲ್ಲ ಬಂದಿದ್ದೇನೆ. ಬೆಂಗಳೂರು, ಪುಣೆಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವಕ್ಕೇ ಸಾಲಿಯ ಮುಂದೆ ನಿಂತು ಗೆಳೆಯರ ದಾರಿ ಕಾಯುವುದನ್ನು ಕಂಡಿದ್ದೇನೆ. ಹಳೆಯ ಮಾಸ್ತರರ ಮನೆ ಹುಡುಕುತ್ತ ಧಾರವಾಡ, ಗೋಕಾಕ, ಅಥಣಿಯ ಓಣಿಗಳಲ್ಲಿ ಅಲೆದು, ನಡೆಯಲಾಗದವರನ್ನು ಕೈಹಿಡಿದು ಕರೆತಂದಿದ್ದೀರಿ. ಸಂಬಳ ತೆಗೆದುಕೊಂಡು ಪಾಠ ಹೇಳಿದವರನ್ನು ಇಷ್ಟು ಗೌರವದಿಂದ ನೆನೆಯುವ ಊರುಗಳಲ್ಲಿ ನನ್ನ ಸೇವೆ ಕಳೆಯಿತೆಂಬುದು ನನಗೆ ಹೆಮ್ಮೆ.

ಆದರೆ ವೇದಿಕೆಯ ಮೇಲೆ ಕೂತು ಎದುರಿನ ಕುರ್ಚಿಗಳನ್ನು ನೋಡುವಾಗ ನನ್ನ ಕಣ್ಣು ಬಾರದವರನ್ನೇ ಹುಡುಕುತ್ತದೆ. ಮುಂದಿನ ಬೆಂಚಿನಲ್ಲಿ ಕೂತು ಲೆಕ್ಕ ಮೊದಲು ಬಿಡಿಸಿ ತೋರಿಸುತ್ತಿದ್ದ ಹುಡುಗಿ ಎಲ್ಲಿ ಎಂದು ಕೇಳಿದರೆ ಸಿಗುವ ಉತ್ತರ ಪ್ರತಿ ಸಲವೂ ಅದೇ: “ಅಕಿ ಗ್ರೂಪಿನ್ಯಾಗ ಇಲ್ರಿ ಸರ್.”

ಗ್ರೂಪ್ ಹೇಗೆ ಕಟ್ಟಿದಿರಿ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಕಬ್ಬಿಗೆ ನೀರು ಹಾಯಿಸಲು ರಾತ್ರಿ ಹೊಲದಲ್ಲಿರುವವರ ಕೈಗೂ ಇಂಟರ್ನೆಟ್ ಸಿಕ್ಕಿತು. ಒಬ್ಬ ಗ್ರೂಪ್ ಶುರು ಮಾಡಿದ, ತನ್ನ ಫೋನಿನಲ್ಲಿದ್ದ ನಂಬರು ಸೇರಿಸಿದ, ಅವರು ತಮ್ಮಲ್ಲಿದ್ದವನ್ನು ಕೊಟ್ಟರು. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಇನ್ನಷ್ಟು ಜನ ಸೇರಿದರು. ಹೀಗೆ ನಂಬರಿನಿಂದ ನಂಬರಿಗೆ ಬೆಳೆದದ್ದರಿಂದ, ಮೊದಲೇ ಒಬ್ಬರಿಗೊಬ್ಬರು ಸಂಪರ್ಕದಲ್ಲಿದ್ದವರೇ ಒಳಗೆ ಬಂದರು: ನೌಕರಿಯವರು, ಅಂಗಡಿಯವರು, ಊರಲ್ಲಿ ನಾಲ್ಕು ಜನರ ನಡುವೆ ಓಡಾಡುವ ಗಂಡಸರು. ಎಂಟನೇ ಇಯತ್ತೆಯಲ್ಲಿ ಸಾಲಿ ಬಿಟ್ಟು ದನ ಕಾಯಲು ಹೋದವನ ನಂಬರು ಯಾರಲ್ಲೂ ಇರಲಿಲ್ಲ. ಹತ್ತನೇ ಇಯತ್ತೆಯಲ್ಲಿ ನಪಾಸಾಗಿ ಇಚಲಕರಂಜಿಯ ಮಗ್ಗಕ್ಕೆ ಹೋದವನದ್ದೂ ಇರಲಿಲ್ಲ. ಹೆಣ್ಣುಮಕ್ಕಳದ್ದಂತೂ ಕೇಳುವುದೇ ಬೇಡ. ಇಂದು ವಾಟ್ಸಾಪ್ ಒಂದು ಗ್ರೂಪಿಗೆ 1,024 ಜನರನ್ನು ಸೇರಿಸಲು ಬಿಡುತ್ತದೆ. ನಿಮ್ಮ ಇಡೀ ಸಾಲಿಯನ್ನೇ ತುಂಬಿಸಬಹುದಾದ ಜಾಗದಲ್ಲಿ ನಿಮ್ಮ ಒಂದು ವರ್ಗದವರೇ ಪೂರ್ತಿ ಇಲ್ಲ.

ದಿನನಿತ್ಯದ ಶುಭೋದಯ, ಹುಟ್ಟುಹಬ್ಬಕ್ಕೆ ಇಷ್ಟು ಸಾಕು. ಮುಖಾಮುಖಿ ಕೂಡುವ ದಿನಕ್ಕೆ ಸಾಲದು. ಕಾರ್ಯಕ್ರಮದ ಬ್ಯಾನರಿನಲ್ಲಿ ಇಡೀ ಬ್ಯಾಚಿನ ಹೆಸರು ಹಾಕುತ್ತೀರಿ. ಅದರ ಕೆಳಗೆ ಕೂರುವ ಹಕ್ಕು ನಿಮ್ಮ ಜೊತೆ ಒಂದೇ ಕೋಣೆಯಲ್ಲಿ ಕೂತು ಕಲಿತ ಪ್ರತಿಯೊಬ್ಬರಿಗೂ ಇದೆ ಎಂಬುದು ನನ್ನ ವಾದ. ಹಾಗಾಗಿ ನಿಮ್ಮಲ್ಲಿ ಕೆಲವು ಕೋರಿಕೆಗಳಿವೆ.

ಹೆಸರುಗಳನ್ನು ಫೋನಿನಲ್ಲಿ ಹುಡುಕಬೇಡಿ, ಸಾಲಿಯಲ್ಲಿ ಹುಡುಕಿರಿ. ಪ್ರತಿ ಸಾಲಿಯಲ್ಲೂ ಜನರಲ್ ರಜಿಸ್ಟರ್ ಇರುತ್ತದೆ. ದಾಖಲಾದ ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಸೇರಿದ ತಾರೀಖು, ಬಿಟ್ಟ ತಾರೀಖು ಅದರಲ್ಲಿವೆ. ಮುಖ್ಯೋಪಾಧ್ಯಾಯರಿಗೆ ವಿನಂತಿ ಪತ್ರ ಕೊಡಿ, ಅವರ ಎದುರಿಗೇ ಕೂತು ಹೆಸರಷ್ಟನ್ನೇ ಬರೆದುಕೊಳ್ಳಿ. ಹತ್ತನೆಯದರಿಂದ ಶುರು ಮಾಡಬೇಡಿ. ಎಂಟನೆಯ ಇಯತ್ತೆಗೆ ಕಾಲಿಟ್ಟವರೆಲ್ಲ ನಿಮ್ಮವರು. ಆ ಪಟ್ಟಿ ಕೈಗೆ ಬಂದ ದಿನ ನಿಮಗೇ ಆಶ್ಚರ್ಯವಾಗುತ್ತದೆ, ಇಷ್ಟು ಜನರನ್ನು ಮರೆತಿದ್ದೆವಾ ಎಂದು.

ಹೆಣ್ಣುಮಕ್ಕಳನ್ನು ಹುಡುಕುವುದು ಇನ್ನೂ ಕಷ್ಟ, ಅದನ್ನು ಬಲ್ಲೆ. ನಮ್ಮ ಭಾಗದಲ್ಲಿ ಹೆಸರಿನ ನಡುವೆ ಇದ್ದ ತಂದೆಯ ಹೆಸರು ಹೋಗಿ ಗಂಡನದ್ದು ಬರುತ್ತದೆ, ಅಡ್ಡಹೆಸರು ಬದಲಾಗುತ್ತದೆ. ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹುಡುಗಿಯ ಸ್ವಂತ ಹೆಸರನ್ನೂ ಬದಲಿಸುತ್ತಾರೆ. ಹಾಗಾದ ಮೇಲೆ ನೀವು ಬಲ್ಲ ಹೆಸರಿನಿಂದ ಅವಳನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಸಿಗುವುದೆಲ್ಲಿಂದ? ಅವಳ ತವರಿಗೆ ಹೋಗಿ. ಅಣ್ಣನೋ ತಮ್ಮನೋ ಊರಲ್ಲೇ ಇರುತ್ತಾನೆ, ಅವ್ವ ಇರುತ್ತಾಳೆ. ಅಲ್ಲಿ ಕೂತು ಚಹಾ ಕುಡಿದು ವಿಚಾರಿಸಿದರೆ ಸಂಜೆಯೊಳಗೆ ವಿಳಾಸ ಸಿಗುತ್ತದೆ.

ನಂಬರು ಸಿಕ್ಕ ಮೇಲೂ ಅಡ್ಮಿನ್ ಆದ ಗಂಡಸು ನೇರವಾಗಿ ಫೋನ್ ಮಾಡುವುದು ಎಲ್ಲ ಮನೆಗಳಲ್ಲಿ ನಡೆಯದು. ಎಷ್ಟೋ ಮನೆಗಳಲ್ಲಿ ಫೋನು ಗಂಡನದ್ದು. ಗೊತ್ತಿಲ್ಲದ ಗಂಡು ದನಿ “ನಾವು ಕೂಡಿ ಕಲ್ತೀವ್ರಿ” ಎಂದರೆ ಆ ಮನೆಯಲ್ಲಿ ಅವಳು ಉತ್ತರ ಕೊಡಬೇಕಾಗುತ್ತದೆ. ಈ ಕೆಲಸ ನಿಮ್ಮ ಬ್ಯಾಚಿನ ಹೆಣ್ಣುಮಕ್ಕಳೇ ಮಾಡಲಿ. ಕಾರ್ಯಕ್ರಮದ ಸಮಿತಿಯಲ್ಲಿ, ಲೆಕ್ಕಪತ್ರದಲ್ಲಿ, ತಾರೀಖು ಗೊತ್ತು ಮಾಡುವ ಮಾತಿನಲ್ಲಿ ಅವರು ಅರ್ಧ ಇರಲಿ. ಇನ್ನೊಂದು ದಾರಿಯೂ ಇದೆ, ನಾನು ಪ್ರಯೋಗಿಸಿ ನೋಡಿದ್ದು. ಜತ್ತ ತಾಲೂಕಿನ ಹಳ್ಳಿಗೆ ಮದುವೆಯಾಗಿ ಹೋದ ವಿದ್ಯಾರ್ಥಿನಿಯೊಬ್ಬಳ ಮಾವನವರಿಗೆ ನಾನು ಒಂದು ಅಂಚೆ ಕಾರ್ಡು ಬರೆದೆ. ನಿಮ್ಮ ಸೊಸೆ ನಮ್ಮ ಸಾಲಿಯ ಜಾಣ ವಿದ್ಯಾರ್ಥಿನಿ, ಅವಳನ್ನು ನೋಡುವ ಆಸೆ ಅವಳ ಗುರುಗಳಿಗಿದೆ, ದಯವಿಟ್ಟು ಕರೆದುಕೊಂಡು ಬರಬೇಕು ಎಂದು. ಆ ಹಿರಿಯರು ಸೊಸೆಯನ್ನು ಮೋಟಾರ್ ಸೈಕಲ್ ಮೇಲೆ ತಾವೇ ಕರೆತಂದರು. ಹಿಂದಿನ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟು ಕೂತು, ಆಕೆಯ ಬಗ್ಗೆ ನಾವು ಆಡಿದ ಮಾತನ್ನೆಲ್ಲ ಕೇಳಿಸಿಕೊಂಡರು. ಕಾರ್ಡಿನ ಬೆಲೆ ಐವತ್ತು ಪೈಸೆ.

ದಿನದ ಆಯ್ಕೆಯ ಬಗ್ಗೆಯೂ ವಿಚಾರ ಮಾಡಿ. ನೌಕರಿಯವರ ರಜೆ ನೋಡಿ ಡಿಸೆಂಬರ್, ಜನವರಿಯ ಭಾನುವಾರ ಇಡುತ್ತೀರಿ. ನಮ್ಮ ಸೀಮೆಯಲ್ಲಿ ಅದು ಕಬ್ಬಿನ ಹಂಗಾಮು ಜೋರಾಗಿರುವ ಕಾಲ. ಕಾರ್ಖಾನೆಯ ಕಟಾವಿನ ಪಾಳಿ ಯಾವಾಗ ಬರುತ್ತದೋ ಎಂದು ರೈತ ಹೊಲ ಬಿಟ್ಟು ಕದಲಲಾರ. ಟ್ರ್ಯಾಕ್ಟರಿನವನು ಎರಡೆರಡು ಟ್ರೇಲರ್ ಹೇರಿಕೊಂಡು ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಿರುತ್ತಾನೆ. ಹಂಗಾಮಿನ ಕೂಲಿಗೆ ಹೋದವನಿಗೆ ಒಂದು ದಿನ ತಪ್ಪಿದರೆ ಒಂದು ದಿನದ ಪಗಾರ ಹೋಯಿತು. ನಿಮ್ಮ ವರ್ಗದ ಅರ್ಧ ಜನ ಇವರೇ. ರಜೆ ಇರುವವರು ಇನ್ನೊಂದು ರಜೆ ಕೇಳಿ ಪಡೆಯಬಲ್ಲರು; ಇವರು ಹಂಗಾಮು ಮುಂದೂಡಲಾರರು.

ಶ್ರಾವಣದಲ್ಲಿ ಇಡಿ ಎಂಬುದು ನನ್ನ ಸಲಹೆ, ಪಂಚಮಿಯ ಆಸುಪಾಸಿನ ಭಾನುವಾರ. ಆ ಹೊತ್ತಿಗೆ ಕಾರ್ಖಾನೆಗಳು ಬಂದ್ ಆಗಿರುತ್ತವೆ. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಯಲು ಹೋಗುವ ಹಬ್ಬ ಅದು. ಉಂಡಿ ಕಟ್ಟಿ, ಜೋಕಾಲಿ ಹಾಕಿ, ಮಗಳ ದಾರಿ ನೋಡುವ ಹಬ್ಬ. ಹೆಣ್ಣುಮಕ್ಕಳು ಯಾರ ಅಪ್ಪಣೆಗೂ ಕಾಯದೆ ಊರಲ್ಲಿ ಇರುವ ದಿನಗಳವು. ಇಲ್ಲವೇ ಊರ ಜಾತ್ರೆಯ ಮರುದಿನ ಇಡಿ. ವಾಟ್ಸಾಪ್ ಹುಟ್ಟುವ ಎಷ್ಟೋ ಮೊದಲು ದೂರ ಹೋದವರನ್ನು ವರ್ಷಕ್ಕೊಮ್ಮೆ ಊರಿಗೆ ಕರೆಸುವ ಏರ್ಪಾಡನ್ನು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ಅದರ ಬೆನ್ನ ಮೇಲೆ ನಿಮ್ಮ ಕಾರ್ಯಕ್ರಮ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು.

ಇನ್ನು ದುಡ್ಡಿನ ಮಾತು. ಇದು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಮ್ಮೆ ಬೆಲ್ಲದ ಗಾಣದ ಹತ್ತಿರ ಹಾದು ಹೋಗುವಾಗ ಹಳೆಯ ವಿದ್ಯಾರ್ಥಿಯೊಬ್ಬ ಕೊಪ್ಪರಿಗೆಯ ಮುಂದೆ ಸಿಕ್ಕ. ಕುದಿಯುವ ರಸದ ಮೇಲಿನ ಕಸರು ತೆಗೆಯುತ್ತಿದ್ದವನು ಝಾರಿ ಬದಿಗಿಟ್ಟು, ಕೈ ಒರೆಸಿಕೊಂಡು ಬಂದು ಮಾತಾಡಿಸಿದ. ಮುಂದಿನ ವಾರ ನಿಮ್ಮ ಬ್ಯಾಚಿನ ಕಾರ್ಯಕ್ರಮ ಇದೆಯಲ್ಲ, ಬರುತ್ತೀಯಷ್ಟೇ ಎಂದೆ. ಆತ ಫೋನು ತೆಗೆದು ತೋರಿಸಿದ. ಗ್ರೂಪಿನಲ್ಲಿ ಎಲ್ಲರ ಹೆಸರಿನ ಯಾದಿ. ವಂತಿಗೆ ಕೊಟ್ಟವರ ಹೆಸರಿನ ಮುಂದೆ ಹಸಿರು ಟಿಕ್. ದಿನಾ ರಾತ್ರಿ ಹೊಸ ಟಿಕ್ ಸೇರಿಸಿ ಅದೇ ಯಾದಿಯನ್ನು ಮತ್ತೆ ಹಾಕುತ್ತಿದ್ದರು. ಇವನ ಹೆಸರಿನ ಮುಂದೆ ಏನೂ ಇರಲಿಲ್ಲ. “ಬರ್ಬೇಕಂತ ಭಾಳ ಐತ್ರಿ ಸರ್. ಆದ್ರ ಟಿಕ್ ಬೀಳದ ಊಟಕ್ಕ ಹೆಂಗ ಕೂರ್ಲಿ?” ಎಂದ. ಅವನು ಬರಲಿಲ್ಲ.

ಯಾದಿ ಹಾಕಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಲೆಕ್ಕ ಸ್ವಚ್ಛ ಇರಲಿ ಎಂದೇ ಮಾಡಿದ್ದು. ಆದರೆ ಸ್ವಚ್ಛ ಲೆಕ್ಕಕ್ಕೆ ಒಟ್ಟು ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು ಎಂದು ತೋರಿಸಿದರೆ ಸಾಕು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಖಜಾಂಚಿಗೆ ಮತ್ತು ಇನ್ನೊಬ್ಬರಿಗೆ ಮಾತ್ರ ತಿಳಿದಿರಲಿ. ತಲೆಗೆ ಇಷ್ಟು ಎಂದು ಗೊತ್ತು ಮಾಡಬೇಡಿ. ಕೈಲಾದಷ್ಟು ಕೊಡಿ, ಆಗದಿದ್ದರೆ ಬಂದು ಕೈಜೋಡಿಸಿ ಎನ್ನಿ. ಒಂದೇ ಬಣ್ಣದ ಸೀರೆ, ಒಂದೇ ನಮೂನೆಯ ಅಂಗಿ ಹೊಲಿಸುವುದನ್ನು ಬಿಡಿ. ಅದನ್ನು ಕೊಳ್ಳಲಾಗದೆ ಮನೆಯಲ್ಲೇ ಉಳಿದವರು ಫೋಟೋದಲ್ಲಿ ಕಾಣುವುದಿಲ್ಲ, ಹಾಗಾಗಿ ಅವರು ನಿಮ್ಮ ಗಮನಕ್ಕೂ ಬರುವುದಿಲ್ಲ.

ಅಂತರ್ಜಾಲದಲ್ಲಿ ಕೂಡಿದವರು ಮುಖಾಮುಖಿ ಸೇರುವ ಪದ್ಧತಿ ಬೇರೆ ಕಡೆಯೂ ಬೆಳೆದಿದೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅದಕ್ಕೆ ಸಂಬಳವಿಲ್ಲದೆ ಬರೆಯುವವರು ಬೇರೆ ಬೇರೆ ಊರಿನವರು, ಎಷ್ಟೋ ಜನ ಒಬ್ಬರ ಮುಖ ಇನ್ನೊಬ್ಬರು ನೋಡದವರು. ಅವರು 2016ರ ಫೆಬ್ರುವರಿಯಲ್ಲಿ ಮಂಗಳೂರಿನಲ್ಲಿ ಸೇರಿ ಅದರ ಹದಿಮೂರನೆಯ ವರ್ಷ ಆಚರಿಸಿದರು. ಜಗತ್ತಿನ ಎಲ್ಲ ಭಾಷೆಗಳ ವಿಕಿಪೀಡಿಯದವರು ಸೇರುವ ವಿಕಿಮೇನಿಯಾ ಎಂಬ ಸಮ್ಮೇಳನ 2005ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಿಂದ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಸ್ವಂತ ಖರ್ಚಿನಲ್ಲಿ ಬರಲಾಗದವರು ಅರ್ಜಿ ಹಾಕಿದರೆ, ಆಯ್ಕೆಯಾದವರ ದಾರಿಖರ್ಚು, ವಸತಿ ಎಲ್ಲವನ್ನೂ ವಿಕಿಪೀಡಿಯ ನಡೆಸುವ ಸಂಸ್ಥೆ ಕೊಡುತ್ತದೆ. ಮುಖ ನೋಡದವರಿಗೇ ಅವರು ಇಷ್ಟು ಮಾಡುತ್ತಾರೆ. ಒಂದೇ ಗಡಿಗೆಯ ನೀರು ಕುಡಿದು ಕಲಿತವರಿಗೆ ನೀವು ಮಾಡಲಾರಿರಾ?

ಹಾಗೆ ಮಾಡಲು ಹೆಚ್ಚಿಗೆ ದುಡ್ಡೂ ಬೇಕಾಗುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಪುಕ್ಕಟೆಯಿದೆ. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಅದೇ ವರ್ಷದ ಮಾರ್ಚಿನಿಂದ ಅವರಿಗೆ ಅರ್ಧ ಟಿಕೆಟ್. ಆದರೆ ಮೀರಜ, ಜತ್ತ, ಇಚಲಕರಂಜಿಗೆ ಕೊಟ್ಟ ನಮ್ಮ ಹೆಣ್ಣುಮಕ್ಕಳ ಆಧಾರ್ ಕಾರ್ಡಿನಲ್ಲಿ ಮಹಾರಾಷ್ಟ್ರದ ವಿಳಾಸ ಇರುತ್ತದೆ. ಅವರು ಗಡಿ ದಾಟಿ ನಮ್ಮ ಬಸ್ಸು ಹತ್ತಿದರೆ ಪೂರ್ತಿ ಟಿಕೆಟ್ ತೆಗೆಯಬೇಕು. ಅಂಥವರ ಟಿಕೆಟ್, ರೈಲಿನಲ್ಲಿ ಬಂದು ರಾಯಬಾಗ ಇಲ್ಲವೇ ಕುಡಚಿಯಲ್ಲಿ ಇಳಿಯುವವರನ್ನು ಕರೆತರಲು ಒಂದು ಗಾಡಿ, ಇಷ್ಟು ಸಾಮಾನ್ಯ ಖರ್ಚಿನಲ್ಲಿ ಸೇರಲಿ. ಗುರುಗಳಿಗೆ ಶಾಲು, ಹಾರ, ದೊಡ್ಡ ಸ್ಮರಣಿಕೆ ಬೇಡ ಎಂದು ನಾನು ನನ್ನ ಪರವಾಗಿ ಹೇಳುತ್ತೇನೆ. ನನ್ನ ಜೊತೆಗಾರರೂ ಬೇಡವೆಂದೇ ಹೇಳುತ್ತಾರೆ. ಡಿಜೆ ಬಿಡಿ. ದಾರಿಯುದ್ದಕ್ಕೂ ಕಟ್ಟುವ ಬ್ಯಾನರ್ ಒಂದಕ್ಕೆ ಇಳಿಸಿ. ಉಳಿದ ದುಡ್ಡಿನಲ್ಲಿ ಬರಲಾಗದವರು ಬರುತ್ತಾರೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ರೊಟ್ಟಿ, ಅನ್ನ ಸಾರು ಮಾಡಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಿರಿ. ಒಂದೇ ಪಂಕ್ತಿ ಎಂಬ ಮಾತನ್ನು ನಾನು ಬೇಕೆಂದೇ ಬರೆದಿದ್ದೇನೆ. ಯಾಕೆಂದು ನಮ್ಮ ಊರುಗಳನ್ನು ಬಲ್ಲ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ದಿನ ಹೇಗೆ ಕಳೆಯುತ್ತದೆ ಎಂಬುದನ್ನೂ ನೋಡಿ. ಬೆಳಿಗ್ಗೆ ಕರಡಿ ಮಜಲಿನ ಮೆರವಣಿಗೆ, ಮೇಲೆ ಹೂಮಳೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಭಾಷಣ, ಸನ್ಮಾನ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಹೊತ್ತು ಊಟಕ್ಕೆ ಬರುತ್ತದೆ, ಉಂಡವರು ಬಸ್ಸಿಗೆ ಓಡುತ್ತಾರೆ. ಎಷ್ಟೋ ವರ್ಷಗಳ ನಂತರ ತವರೂರಿನ ಸಾಲಿಗೆ ಬಂದ ಹೆಣ್ಣುಮಕ್ಕಳು ತಲೆಯ ಮೇಲೆ ಕುಂಭ ಹೊತ್ತು ಬಿಸಿಲಲ್ಲಿ ನಡೆದು, ಪ್ರಾರ್ಥನೆ ಹಾಡಿ, ಊಟ ಬಡಿಸಿ ಹೊರಟು ಹೋಗುತ್ತಾರೆ. ಅವರೂ ನಿಮ್ಮ ಸಹಪಾಠಿಗಳು, ಅವರನ್ನು ಕುರ್ಚಿಯಲ್ಲಿ ಕೂರಿಸಿ. ಬಡಿಸುವ ಕೆಲಸ ಗಂಡಸರು ಹೊರಲಿ. ರಾಜಕೀಯ ಮುಖಂಡರನ್ನು ದಯವಿಟ್ಟು ಆ ಒಂದು ದಿನ ಕರೆಯಬೇಡಿ. ವೇದಿಕೆಗೆ ಒಂದು ತಾಸು ಕೊಡಿ, ಉಳಿದ ದಿನ ನಿಮ್ಮದಾಗಿರಲಿ.

ನಾನು ಕಂಡದ್ದರಲ್ಲಿ ಒಂದು ಬ್ಯಾಚಿನವರು ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ಅವರು ವೇದಿಕೆಯ ಕಾರ್ಯಕ್ರಮ ಬೇಗ ಮುಗಿಸಿ, ತಮ್ಮ ಹಳೆಯ ಕೋಣೆಯಲ್ಲಿ ಬೆಂಚುಗಳ ಮೇಲೆ ಕೂತರು. ರಜಿಸ್ಟರಿನಿಂದ ಬರೆದುಕೊಂಡ ಯಾದಿಯನ್ನು ನನ್ನ ಕೈಗಿಟ್ಟು, ಹಾಜರಿ ಕರೆಯಿರಿ ಸರ್ ಎಂದರು. ಕರೆದೆ. ತಲೆ ನೆರೆತವರು ಎದ್ದು ನಿಂತು “ಹಾಜರ್ ಸರ್” ಎಂದರು. ತೀರಿಕೊಂಡವರ ಹೆಸರು ಬಂದಾಗ ಅವರನ್ನು ಬಲ್ಲ ಒಬ್ಬರು ಎದ್ದು ಎರಡು ಮಾತು ಹೇಳಿದರು: ಹೇಗೆ ಹೋದ, ಮಕ್ಕಳು ಏನು ಮಾಡುತ್ತಿದ್ದಾರೆ ಎಂದು. ನಡುವೆ ಒಂದು ಹೆಸರು ಕರೆದಾಗ ಕೋಣೆಯಲ್ಲಿ ಯಾರೂ ಏಳಲಿಲ್ಲ. ಯಾರಿಗೂ ನೆನಪಾಗಲಿಲ್ಲ. ಎರಡನೆಯ ಸಲ ಕರೆದೆ. “ಹಾಜರ್ ಸರ್” ಎಂಬ ದನಿ ಕಿಟಕಿಯ ಹೊರಗಿನಿಂದ ಬಂತು. ಪೆಂಡಾಲು ಕಟ್ಟಲು ಬೆಳಿಗ್ಗೆ ಟೆಂಪೋದಲ್ಲಿ ಕುರ್ಚಿ ಹೇರಿಕೊಂಡು ಬಂದ ಆಳು ಅವನು. ಒಂಬತ್ತನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟವನು. ಬೆಳಗಿನಿಂದ ಅವನು ತನ್ನದೇ ವರ್ಗದವರಿಗೆ ಕುರ್ಚಿ ಹಾಕುತ್ತಿದ್ದ. ಅವನು ಎಲ್ಲರನ್ನೂ ಗುರುತಿಸಿದ್ದ, ಅವನನ್ನು ಯಾರೂ ಗುರುತಿಸಿರಲಿಲ್ಲ. ಒಳಗೆ ಕರೆದು ಅವನ ಹಳೆಯ ಬೆಂಚಿನಲ್ಲೇ ಕೂರಿಸಿದರು. ಆಮೇಲೆ ನನಗೆ ಯಾದಿ ಓದುವುದು ಸ್ವಲ್ಪ ಹೊತ್ತು ಆಗಲಿಲ್ಲ.

ತೀರಿಹೋದವರ ಮಾತು ಬಂತಲ್ಲ, ಅದಕ್ಕೂ ಒಂದು ಕೋರಿಕೆ. ಕೊರೊನಾ ಕಾಲದಲ್ಲಿ ನಿಮ್ಮ ಗ್ರೂಪುಗಳಲ್ಲಿ ಎಷ್ಟು ಭಾವಪೂರ್ಣ ಶ್ರದ್ಧಾಂಜಲಿಗಳು ಬಂದವು ಎಂಬುದು ನಿಮಗೇ ಗೊತ್ತು. ಕೈಮುಗಿದ ಚಿತ್ರ ಹಾಕಿದ ಮೇಲೆ ಆ ಮನೆಗಳ ಕಡೆ ಎಷ್ಟು ಜನ ಹೋದಿರಿ? ಕೂಡುವ ದಿನ ಆ ಗೆಳೆಯನ ಹೆಂಡತಿಯನ್ನು, ಆ ಗೆಳತಿಯ ಮಕ್ಕಳನ್ನು ಮನೆಗೆ ಹೋಗಿ ಕರೆಯಿರಿ. ಅಪ್ಪ ಸಾಲಿಯಲ್ಲಿ ಹೇಗಿದ್ದ ಎಂದು ಆ ಮಕ್ಕಳಿಗೆ ಹೇಳಬಲ್ಲವರು ನೀವೇ. ಗಂಟೆ ಬಾರಿಸುತ್ತಿದ್ದ ಸಿಪಾಯಿಯನ್ನೂ ಮರೆಯಬೇಡಿ. ಇದ್ದರೆ ಅವನಿಗೂ ಮಾಸ್ತರರ ಸಾಲಿನಲ್ಲೇ ಕುರ್ಚಿ ಇರಲಿ.

ಫೋಟೋ, ವಿಡಿಯೋ ತೆಗೆಯುವಾಗ ಕೇಳಿ ತೆಗೆಯಿರಿ. ಹೆಣ್ಣುಮಕ್ಕಳ ಚಿತ್ರವನ್ನು ಅವರನ್ನು ಕೇಳದೆ ಸ್ಟೇಟಸ್ಸಿಗೆ, ಫೇಸ್‌ಬುಕ್ಕಿಗೆ ಹಾಕಬೇಡಿ. ನಿಮಗೆ ಅದು ಸಂತೋಷದ ನೆನಪು. ಯಾವುದೋ ಮನೆಯಲ್ಲಿ ಅದೇ ಜಗಳಕ್ಕೆ ಕಾರಣವಾಗಿ, ಮುಂದಿನ ಸಲ ಅವಳಿಗೆ ಬಾಗಿಲು ಮುಚ್ಚುತ್ತದೆ.

ಸಾಲಿಗೆ ಏನಾದರೂ ಕೊಡುವುದಾದರೆ ಮೊದಲು ಮುಖ್ಯೋಪಾಧ್ಯಾಯರನ್ನು, ಎಸ್‌ಡಿಎಂಸಿಯವರನ್ನು ಕೇಳಿ ಕೊಡಿ. ಹೆಸರು ಬರೆಸಿದ ಗಡಿಯಾರಗಳಿಗಿಂತ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ತೊಟ್ಟಿ, ಗ್ರಂಥಾಲಯಕ್ಕೆ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಒಂಬತ್ತನೆಯ ಇಯತ್ತೆಯಲ್ಲಿ ಸಾಲಿ ಬಿಡುವ ಹಾದಿಯಲ್ಲಿರುವ ಮಗು ಯಾವುದು ಎಂದು ಈಗಿನ ಶಿಕ್ಷಕರಿಗೆ ಗೊತ್ತಿರುತ್ತದೆ. ಅಂಥ ಒಂದು ಮಗುವಿನ ಖರ್ಚು ನಿಮ್ಮ ಬ್ಯಾಚ್ ಹೊತ್ತರೆ ಇನ್ನೂ ಒಳ್ಳೆಯದು.

ಇದೆಲ್ಲ ಒಂದೇ ವರ್ಷದಲ್ಲಿ ಆಗಲಿ ಎಂದು ನಾನು ಹಟ ಹಿಡಿಯುವುದಿಲ್ಲ. ಬರುವ ಶ್ರಾವಣಕ್ಕೆ ರಜಿಸ್ಟರಿನ ಯಾದಿ ಮತ್ತು ಹಸಿರು ಟಿಕ್ ಇಲ್ಲದ ವಂತಿಗೆ, ಇವೆರಡನ್ನಾದರೂ ಮಾಡಿ. ಅಂಚೆ ಕಾರ್ಡು ಬರೆಯುವ ಕೆಲಸ ನನಗೆ ಬಿಡಿ. ಹೆಣ್ಣುಮಕ್ಕಳ ಗಂಡನ ಮನೆಯ ವಿಳಾಸ, ಮನೆಯ ಹಿರಿಯರ ಹೆಸರು ತಂದುಕೊಟ್ಟರೆ ಎಷ್ಟು ಕಾರ್ಡು ಬೇಕಾದರೂ ಬರೆದುಕೊಡುತ್ತೇನೆ. ಮಹಾರಾಷ್ಟ್ರದ ಮನೆಗಳಿಗೆ ಮರಾಠಿಯಲ್ಲೂ ಬರೆಯುತ್ತೇನೆ. ಸಂಜೆ ಐದರ ಮೇಲೆ ಮನೆಯಲ್ಲೇ ಇರುತ್ತೇನೆ.

ಇತಿ ನಿಮ್ಮ ಹಿತಚಿಂತಕ,

ನಿವೃತ್ತ ಪ್ರೌಢಶಾಲಾ ಶಿಕ್ಷಕ
ಪಾಲಬಾವಿ, ತಾ. ರಾಯಬಾಗ, ಜಿ. ಬೆಳಗಾವಿ